ಹೃದಯದೊಳಗೇ ಅಷ್ಟು ರಕ್ತ ಇರುವಾಗ ಹಾರ್ಟ್ ಅಟ್ಯಾಕ್ ಯಾಕೆ?

ಪ್ರಶ್ನೆ: ಹೃದಯಕ್ಕೆ ರಕ್ತ ಸಿಗದಿದ್ದರೆ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತಾರೆ. ಆದರೆ ಹೃದಯದ ಒಳಗೆ ಯಾವಾಗಲೂ ರಕ್ತ ತುಂಬಿರುತ್ತೆ ಅಲ್ವಾ? ಹೊಳೆಯಲ್ಲಿ ನಿಂತವನು ಬಾಯಾರಿ ಸತ್ತ ಅಂದ ಹಾಗಾಯ್ತಲ್ಲ ಇದು?

ತುಂಬಾ ಒಳ್ಳೆಯ ಪ್ರಶ್ನೆ. ಉತ್ತರ ಇಷ್ಟೇ: ಒಳಗೆ ಹಾದುಹೋಗುವ ರಕ್ತದಿಂದ ಹೃದಯದ ಗೋಡೆಗೆ ಬಹುತೇಕ ಏನೂ ದಕ್ಕುವುದಿಲ್ಲ.

ಹೃದಯಕ್ಕೆ ನಾಲ್ಕು ಕೋಣೆಗಳು. ಬಲಗಡೆಯ ಎರಡರಲ್ಲಿ ಇರುವುದು ಮೈಯೆಲ್ಲಾ ಸುತ್ತಿ ಆಮ್ಲಜನಕ ಕಳೆದುಕೊಂಡು ಬಂದ ರಕ್ತ. ಎಡಗಡೆ ಇರುವುದು ಶ್ವಾಸಕೋಶದಿಂದ ಬಂದ ತಾಜಾ ರಕ್ತ. ಎಡ ಹೃತ್ಕುಕ್ಷಿಯ, ಅಂದರೆ ರಕ್ತವನ್ನು ಹೊರಗೆ ತಳ್ಳುವ ಎಡಗಡೆಯ ಕೆಳಕೋಣೆಯ, ಗೋಡೆ ಸುಮಾರು 1 ಸೆಂಟಿಮೀಟರ್ ದಪ್ಪದ ಗಟ್ಟಿ ಸ್ನಾಯು. ಆಮ್ಲಜನಕ ತಾನಾಗಿ ಇಳಿಯುವುದು ಮಿಲಿಮೀಟರಿನ ಒಂದು ಚೂರಿನಷ್ಟು ಆಳಕ್ಕೆ ಮಾತ್ರ. ಹಾಗಾಗಿ ಒಳಮೈಯ ತೆಳು ಪದರಕ್ಕೆ ಒಂಚೂರು ಸಿಕ್ಕೀತು, ಉಳಿದ ಸ್ನಾಯುವಿಗೆ ಇಲ್ಲ. ಕಪ್ಪೆಯ ಕಥೆ ಬೇರೆ. ಅದರ ಹೃತ್ಕುಕ್ಷಿಯ ಗೋಡೆಯ ತುಂಬಾ ಸಂದುಗಳು, ರಕ್ತ ಅಲ್ಲಿಗೇ ನುಗ್ಗುತ್ತದೆ. ನಮ್ಮದು ಹಾಗಿಲ್ಲ.

ಹಾಗಾದರೆ ಹೃದಯಕ್ಕೆ ರಕ್ತ ಎಲ್ಲಿಂದ? ಹೊರಗಿನಿಂದ. ಎಡ ಹೃತ್ಕುಕ್ಷಿಯಿಂದ ರಕ್ತ ಮಹಾಪಧಮನಿಗೆ (ಮೈಗೆಲ್ಲಾ ರಕ್ತ ಒಯ್ಯುವ ದೊಡ್ಡ ನಾಳ) ಹಾರುತ್ತದಲ್ಲ, ಅಲ್ಲಿ ಕವಾಟ ದಾಟಿದ ಕೂಡಲೇ ಎರಡು ಸಣ್ಣ ಬಾಯಿಗಳಿವೆ. ಕರೋನರಿ ಧಮನಿಗಳು ಹುಟ್ಟುವುದು ಅಲ್ಲೇ. ಅವು ಹೃದಯದ ಹೊರಮೈ ಮೇಲೆ ಹರಡಿ, ಕವಲೊಡೆದು, ಸ್ನಾಯುವಿನ ಆಳಕ್ಕೆ ಇಳಿಯುತ್ತವೆ. ಸುಮ್ನೆ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಪಂಪ್ ಮಾಡುತ್ತದೆ, ಅದರಲ್ಲಿ ತನಗೆ ಅಂತ ತೆಗೆದುಕೊಳ್ಳುವುದು ಸುಮಾರು 250 ಮಿಲಿಲೀಟರ್.

ಈ ವಿಷಯವನ್ನು ಮೊದಲೇ ಕಂಡುಕೊಂಡವರಲ್ಲಿ 13ನೇ ಶತಮಾನದ ವೈದ್ಯ ಇಬ್ನ್ ಅಲ್-ನಫೀಸ್ ಒಬ್ಬರು. ಡಮಾಸ್ಕಸ್ ಕಡೆಯವರು, ಕೈರೋದಲ್ಲಿದ್ದವರು. ಹೃದಯಕ್ಕೆ ಪೋಷಣೆ ಸಿಗುವುದು ಕೋಣೆಯೊಳಗಿನ ರಕ್ತದಿಂದಲ್ಲ, ಅದರ ಮೈಯಲ್ಲಿ ಹರಡಿರುವ ನಾಳಗಳಿಂದ ಅಂತ ಅವರು ಆಗಲೇ ಬರೆದಿಟ್ಟಿದ್ದರು. ನನಗೆ ಇದು ಇವತ್ತಿಗೂ ಬೆರಗು.

ಇನ್ನೊಂದು ಮಾತು. ಹೃದಯ ಬಿಗಿಯಾದಾಗ ತನ್ನ ಸ್ನಾಯುವಿನೊಳಗಿನ ನಾಳಗಳನ್ನೇ ಹಿಂಡಿಬಿಡುತ್ತದೆ. ಹಾಗಾಗಿ ಎಡಭಾಗಕ್ಕೆ ರಕ್ತ ಜಾಸ್ತಿ ಸಿಗುವುದು ಎರಡು ಬಡಿತಗಳ ನಡುವೆ ಅದು ಸಡಿಲವಾದಾಗ. ಜೊತೆಗೆ, ಬಂದ ರಕ್ತದಲ್ಲಿರುವ ಆಮ್ಲಜನಕದ ಮುಕ್ಕಾಲು ಪಾಲನ್ನು ಹೃದಯ ಆರಾಮಾಗಿರುವಾಗಲೇ ಹೀರಿಕೊಂಡಿರುತ್ತದೆ, ಅಂದರೆ ಹೆಚ್ಚು ಬೇಕಾದಾಗ ಹೆಚ್ಚು ರಕ್ತವೇ ಬರಬೇಕು, ಬೇರೆ ದಾರಿಯಿಲ್ಲ. ಮೆಟ್ಟಿಲು ಹತ್ತುವಾಗ ಬಡಿತ ಜೋರಾಗುತ್ತದೆ, ನಡುವಿನ ಬಿಡುವು ಚಿಕ್ಕದಾಗುತ್ತದೆ, ಬೇಡಿಕೆ ಏರುತ್ತದೆ. ಧಮನಿ ಕೊಬ್ಬು ಕಟ್ಟಿ ಕಿರಿದಾಗಿದ್ದರೆ ಆಗ ಎದೆ ಹಿಡಿದ ಹಾಗಾಗುತ್ತದೆ, ಕೂತರೆ ಕಮ್ಮಿಯಾಗುತ್ತದೆ. ಅದೇ ಕೊಬ್ಬಿನ ಪದರ ಒಡೆದು ರಕ್ತ ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚಿದರೆ ಅದು ಹಾರ್ಟ್ ಅಟ್ಯಾಕ್. ಎದೆ ಬಿಗಿತ, ಬೆವರು, ಎಡಗೈಗೋ ದವಡೆಗೋ ಹರಿಯುವ ನೋವು ಬಂದರೆ ದಯವಿಟ್ಟು ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿ. ನಿಮಿಷ ನಿಮಿಷಕ್ಕೂ ಸ್ನಾಯು ಸಾಯುತ್ತಿರುತ್ತದೆ.

ನಿಮ್ಮ ತಲೆಗೆ ಬಂದ ಯೋಚನೆ ವೈದ್ಯರಿಗೂ ಬಂದಿತ್ತು. ಒಳಗಿನ ರಕ್ತವನ್ನೇ ಗೋಡೆಗೆ ಕೊಟ್ಟರೆ ಹೇಗೆ ಅಂತ, 1990ರ ದಶಕದಲ್ಲಿ ಲೇಸರ್‌ನಿಂದ ಹೃದಯದ ಗೋಡೆಯಲ್ಲಿ ಸಣ್ಣ ಸಣ್ಣ ತೂತು ಕೊರೆದು ನೋಡಿದರು. ಕೆಲವರಿಗೆ ನೋವು ಕಮ್ಮಿಯಾಯಿತು, ಆದರೆ ತೂತುಗಳು ಬೇಗನೆ ಮುಚ್ಚಿಕೊಂಡವು. ಇವತ್ತಿಗೂ ಬೈಪಾಸ್ ಅಂದರೆ ಕಾಲಿನಿಂದಲೋ ಎದೆಯಿಂದಲೋ ಒಂದು ನಾಳ ತಂದು, ಅಡಚಣೆ ದಾಟಿದ ಜಾಗಕ್ಕೆ ಹೊರಗಿನಿಂದಲೇ ಜೋಡಿಸುವುದು.