ಮಗುವಿನ ತಲೆ ಒತ್ತಿದರೆ ದುಂಡಗಾಗುವುದಿಲ್ಲ

ಎಷ್ಟೋ ಮನೆಗಳಲ್ಲಿ ಮಗುವಿನ ತಲೆಯ ನಿಜವಾದ ಆಕಾರ ಕಣ್ಣಿಗೆ ಬೀಳುವುದು ಜವಳ ತೆಗೆಸಿದ ದಿನವೇ. ಕೂದಲು ಹೋದ ಮೇಲೆ ನೋಡಿದರೆ ಹಿಂದಲೆಯ ಒಂದು ಪಕ್ಕ ಮಣೆಯ ಹಾಗೆ ಚಪ್ಪಟೆ. ಸರಿಯಾಗಿ ನೀರು ಹಾಕಿಸಲಿಲ್ಲ, ತಲೆ ಒತ್ತಿಸಲಿಲ್ಲ, ರಾಗಿ ದಿಂಬು ಇಡಲಿಲ್ಲ ಎಂದು ಬಾಣಂತನ ಮಾಡಿದವರ ಮೇಲೆ ದೂರು ಶುರುವಾಗುತ್ತದೆ. ದೂರೂ ತಪ್ಪು, ಹೊತ್ತೂ ಮೀರಿರುತ್ತದೆ. ಜವಳ ವರ್ಷದ ಆಸುಪಾಸಿನಲ್ಲೋ ಮೂರನೇ ವರ್ಷದಲ್ಲೋ ಆಗುವ ಶಾಸ್ತ್ರ. ತಲೆ ತನ್ನ ಆಕಾರವನ್ನು ಸುಲಭವಾಗಿ ತಿದ್ದಿಕೊಳ್ಳುವ ಕಾಲ ಅದಕ್ಕೂ ಬಹಳ ಮುಂಚಿನದು.

ಹುಟ್ಟಿದಾಗ ಮಗುವಿನ ತಲೆಯ ಸುತ್ತಳತೆ ಸುಮಾರು 34-35 ಸೆಂ.ಮೀ. ಆರು ತಿಂಗಳಿಗೆ ಅದು 43ರ ಹತ್ತಿರ ಬರುತ್ತದೆ, ವರ್ಷಕ್ಕೆ 46. ಅಂದರೆ ಮೊದಲ ಆರು ತಿಂಗಳಲ್ಲಿ ಎಂಟೊಂಬತ್ತು ಸೆಂ.ಮೀ. ಬೆಳೆದರೆ ಮುಂದಿನ ಆರು ತಿಂಗಳಲ್ಲಿ ಬರೀ ಮೂರು. ಈ ಬೆಳವಣಿಗೆಗೆ ಜಾಗ ಬೇಕೆಂದೇ ಬುರುಡೆ ಒಂದೇ ಚಿಪ್ಪಾಗಿಲ್ಲ. ತೆಳ್ಳನೆಯ ಮೂಳೆಗಳ ನಡುವೆ ನಾರಿನಂಥ ಸಂದುಗಳಿವೆ, ಡಾಕ್ಟರುಗಳ ಮಾತಿನಲ್ಲಿ ಸೂಚರ್. ಸಂದುಗಳು ಕೂಡುವ ಕಡೆ ಮೆತ್ತಗೆ ಮಿಡಿಯುವುದೇ ನೆತ್ತಿ. ಒಳಗಿನಿಂದ ಮಿದುಳು ಬೆಳೆದು ತಳ್ಳಿದಂತೆ ಮೂಳೆಗಳು ಹೊರಗೆ ಸರಿಯುತ್ತವೆ, ಅಡ್ಡ ಏನೂ ಇಲ್ಲದ ಕಡೆಗೆ ಹೆಚ್ಚು ಸರಿಯುತ್ತವೆ.

ಹಿತ್ತಲಲ್ಲಿ ಬಿಟ್ಟ ಕುಂಬಳಕಾಯಿ ನೋಡಿದವರಿಗೆ ಇದು ಹೊಸದಲ್ಲ. ನೆಲಕ್ಕೆ ತಾಗಿದ ಮಗ್ಗುಲು ಚಪ್ಪಟೆಯಾಗಿರುತ್ತದೆ, ಉಳಿದ ಕಡೆ ಉಬ್ಬಿರುತ್ತದೆ. ಎಳೆಕಾಯನ್ನು ಹೊರಳಿಸಿಟ್ಟರೆ ಆ ಮಗ್ಗುಲೂ ತುಂಬಿಕೊಳ್ಳುತ್ತದೆ. ಬಲಿತ ಮೇಲೆ ಎಷ್ಟು ಹೊರಳಿಸಿದರೂ ಅಷ್ಟೇ. ಅಂಗೈಯಲ್ಲಿ ಒತ್ತಿ ಕುಂಬಳಕಾಯಿಯನ್ನು ಯಾರೂ ದುಂಡಗೆ ಮಾಡುವುದಿಲ್ಲ. ಮಗುವಿನ ತಲೆಗೂ ಇದೇ ಲೆಕ್ಕ. ನೀರು ಹಾಕುವವರು ದಿನಕ್ಕೆ ಐದು ನಿಮಿಷ ಒತ್ತುವುದಕ್ಕೆ ಅಲ್ಲಿ ಬೆಲೆಯಿಲ್ಲ, ಉಳಿದ ಇಪ್ಪತ್ತಮೂರು ಚಿಲ್ಲರೆ ಗಂಟೆ ತಲೆಯ ಯಾವ ಭಾಗ ಹಾಸಿಗೆಗೆ ತಾಗಿತ್ತು ಎನ್ನುವುದಕ್ಕೆ ಇದೆ. ಚಪ್ಪಟೆಯಾದ ಕಡೆಗೆ ಬೇಕಾದದ್ದು ಖಾಲಿ ಜಾಗ.

ಇದು ಅಪರೂಪದ ತೊಂದರೆಯಲ್ಲ. ಕೆನಡಾದ ಕ್ಯಾಲ್ಗರಿಯಲ್ಲಿ 7ರಿಂದ 12 ವಾರದ 440 ಕೂಸುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 47 ಮಕ್ಕಳಿಗೆ ಸ್ವಲ್ಪವಾದರೂ ಚಪ್ಪಟೆ ಕಂಡಿತ್ತು. ಬಹುಪಾಲು ಅಲ್ಪಸ್ವಲ್ಪ ಮಾತ್ರ, ಬಲಗಡೆಯದೇ ಹೆಚ್ಚು. ಹೀಗೆ ಹೆಚ್ಚಿದ್ದಕ್ಕೆ ಒಂದು ಒಳ್ಳೆಯ ಕಾರಣವೂ ಇದೆ. 1992ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಕೂಸನ್ನು ಬೋರಲು ಮಲಗಿಸಬೇಡಿ ಎಂದಿತು, 1994ರಲ್ಲಿ ಅಂಗಾತ ಮಲಗಿಸುವ ಆಂದೋಲನವೇ ನಡೆಯಿತು. ನಿದ್ದೆಯಲ್ಲಿ ಹಠಾತ್ತನೆ ಸಾಯುವ ಕೂಸುಗಳ ಸಂಖ್ಯೆ ಅಲ್ಲಿ ಅರ್ಧಕ್ಕಿಂತ ಕೆಳಗಿಳಿಯಿತು. ಜೊತೆಗೆ ಚಪ್ಪಟೆ ತಲೆಗಳು ಹೆಚ್ಚಿದವು. ಈ ವ್ಯಾಪಾರದಲ್ಲಿ ಲಾಭ ಯಾವ ಕಡೆ ಎಂಬುದರಲ್ಲಿ ಅನುಮಾನವೇ ಬೇಡ: ತಲೆ ಚಪ್ಪಟೆಯಾಗುತ್ತದೆ ಎಂದು ಬೋರಲಾಗಿಯೋ ಮಗ್ಗುಲಾಗಿಯೋ ಮಲಗಿಸಿ ನಿದ್ದೆ ಮಾಡಿಸಬಾರದು.

ಮೊದಲು ಸರಿಯಾಗಿ ನೋಡುವುದನ್ನು ಕಲಿಯಬೇಕು. ಸ್ನಾನವಾದ ಮೇಲೆ, ಕೂದಲು ಒದ್ದೆಯಾಗಿ ಅಂಟಿಕೊಂಡಿರುವಾಗ, ಒಬ್ಬರು ಮಗುವನ್ನು ತೊಡೆಯ ಮೇಲೆ ಕೂರಿಸಿ ಕತ್ತಿಗೆ ಆನಿಕೆ ಕೊಡಲಿ. ಇನ್ನೊಬ್ಬರು ಹಿಂದೆ ನಿಂತು ಎರಡೂ ತೋರುಬೆರಳನ್ನು ಮಗುವಿನ ಎರಡು ಕಿವಿಗಳ ಮೇಲೆ ಇಟ್ಟು ನೇರ ಮೇಲಿನಿಂದ ನೋಡಲಿ. ಬೆರಳುಗಳು ಒಂದೇ ಗೆರೆಯಲ್ಲಿವೆಯೇ, ಒಂದು ಮುಂದಕ್ಕೆ ಸರಿದಿದೆಯೇ? ಮಲಗುವ ಭಂಗಿಯಿಂದ ಆದ ಚಪ್ಪಟೆಯಲ್ಲಿ ಹಿಂದೆ ಬಲಗಡೆ ತಗ್ಗಿದ್ದರೆ ಬಲಗಿವಿ ಮುಂದಕ್ಕೆ ಬಂದಿರುತ್ತದೆ, ಬಲಹಣೆಯೂ ಸ್ವಲ್ಪ ಉಬ್ಬಿರುತ್ತದೆ. ಚೌಕದ ಒಂದು ಮೂಲೆಯನ್ನು ತಳ್ಳಿದಾಗ ಅದು ವಾಲುತ್ತದಲ್ಲ, ಹಾಗೆ. ಅದೇ ಕೋನದಿಂದ ಮೊಬೈಲಲ್ಲಿ ಒಂದು ಫೋಟೊ ತೆಗೆದಿಡಿ, ಮೂಗಿನ ತುದಿ ಮತ್ತು ಎರಡೂ ಕಿವಿ ಕಾಣುವಂತೆ. ತಿಂಗಳಿಗೊಂದು ಸಾಕು. ದಿನಾ ನೋಡುವ ಕಣ್ಣಿಗೆ ಬದಲಾವಣೆ ಗೊತ್ತಾಗುವುದಿಲ್ಲ, ಮನೆಗೆ ಬಂದವರ ಮಾತು ಕೇಳಿದರೆ ನಿದ್ದೆಯೂ ಬರುವುದಿಲ್ಲ.

ಇದಕ್ಕೆ ಒಳ್ಳೆಯ ಗಡುವುಗಳು ಲಸಿಕೆಯ ದಿನಗಳು: 6, 10 ಮತ್ತು 14 ವಾರ. ಹೇಗೂ ಮಗುವನ್ನು ಕರೆದೊಯ್ಯುತ್ತೀರಿ. ತಲೆಯ ಸುತ್ತಳತೆ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸಿ, ಕತ್ತು ಎರಡೂ ಕಡೆ ಸಲೀಸಾಗಿ ತಿರುಗುತ್ತದೆಯೇ ಎಂದು ನೋಡಲು ಕೇಳಿ. 14ನೇ ವಾರದಲ್ಲಿ ಚಪ್ಪಟೆ ಗೊತ್ತಾದರೂ ಬೇಗ ಬೆಳೆಯುವ ತಿಂಗಳುಗಳು ಇನ್ನೂ ಕೈಯಲ್ಲಿವೆ.

ಕತ್ತಿನ ವಿಷಯ ಕೇಳಲು ಕಾರಣವಿದೆ. ಕಿವಿಯ ಹಿಂದಿನಿಂದ ಎದೆಯ ಮೂಳೆಯವರೆಗೆ ಇಳಿಯುವ ಸ್ನಾಯು ಒಂದು ಕಡೆ ಬಿಗಿದಿದ್ದರೆ ಮಗುವಿಗೆ ಇಷ್ಟವಿದ್ದರೂ ಆ ಕಡೆ ತಿರುಗಲಾಗದು. ಎಡಗಡೆಯ ಸ್ನಾಯು ಬಿಗಿಯಾದರೆ ತಲೆ ಎಡಭುಜಕ್ಕೆ ವಾಲಿ ಗಲ್ಲ ಬಲಕ್ಕೆ ತಿರುಗುತ್ತದೆ, ತಲೆ ಬಲಗಡೆ ಚಪ್ಪಟೆಯಾಗುತ್ತದೆ. ಕೆಲವು ಕೂಸುಗಳಿಗೆ ಹುಟ್ಟಿದ ಎರಡು ಮೂರು ವಾರಕ್ಕೆ ಆ ಸ್ನಾಯುವಿನಲ್ಲಿ ಸಣ್ಣ ಅಡಿಕೆಯಂಥ ಗಂಟು ಕೈಗೆ ಸಿಗುತ್ತದೆ. ಅದನ್ನು ತಿಕ್ಕಿ ಕರಗಿಸಲು ಹೋಗಬೇಡಿ, ಡಾಕ್ಟರಿಗೆ ತೋರಿಸಿ. ಇಂಥ ಮಕ್ಕಳ ಸೊಂಟದ ಕೀಲನ್ನೂ ಅವರು ಒಮ್ಮೆ ಪರೀಕ್ಷಿಸುತ್ತಾರೆ, ಎರಡೂ ಒಟ್ಟಿಗೆ ಬರುವುದುಂಟು. ಬಿಗಿ ಬಿಡಿಸುವ ವ್ಯಾಯಾಮವನ್ನು ಮಕ್ಕಳ ಫಿಸಿಯೋಥೆರಪಿಸ್ಟ್ ಕೈಯಾರೆ ಕಲಿಸಬೇಕು: ಭುಜ ಏಳದಂತೆ ಮೆಲ್ಲಗೆ ಹಿಡಿದು ಗಲ್ಲವನ್ನು ಬಿಗಿಯಿರುವ ಕಡೆಯ ಭುಜದತ್ತ ತಿರುಗಿಸಿ ಕೆಲವು ಸೆಕೆಂಡು ನಿಲ್ಲಿಸುವುದು, ಆಮೇಲೆ ಕಿವಿಯನ್ನು ಎದುರು ಭುಜದತ್ತ ಬಾಗಿಸುವುದು. ನಡುವೆ ಮಗು ಎದುರು ಒತ್ತಿದರೆ ಅಥವಾ ಅತ್ತರೆ ಕೈಬಿಡಬೇಕು. ದಿನಕ್ಕೊಮ್ಮೆ ಹದಿನೈದು ನಿಮಿಷ ಮಾಡುವುದಕ್ಕಿಂತ ಪ್ರತಿ ಸಲ ಬಟ್ಟೆ ಬದಲಿಸುವಾಗ ಎರಡು ಮೂರು ಸಲ ಮಾಡುವುದು ಮೇಲು. ಈ ಬಿಗಿ ಹೋಗದೆ ಮಲಗುವ ದಿಕ್ಕು ಎಷ್ಟು ಬದಲಿಸಿದರೂ ಮಗು ಹಳೇ ಕಡೆಗೇ ತಿರುಗುತ್ತದೆ. ಮನೆಯವರು ಸೋತು ಕೈಬಿಡುವುದು ಹೆಚ್ಚಾಗಿ ಇಲ್ಲೇ.

ಕತ್ತು ಸಲೀಸಾಗಿದ್ದರೆ ಉಳಿದದ್ದು ಮಗುವಿನ ಕುತೂಹಲವನ್ನು ಬಳಸುವ ಕೆಲಸ. ಕೂಸು ಅಮ್ಮ, ಬೆಳಕು, ಸದ್ದು ಇರುವ ಕಡೆ ತಿರುಗುತ್ತದೆ. ತಾಯಿಯ ಎಡಕ್ಕೆ ಮಗು ಮಲಗಿದರೆ ಮಗುವಿಗೆ ತಾಯಿ ಬಲಕ್ಕೆ. ರಾತ್ರಿಯಿಡೀ ಬಲಕ್ಕೇ ನೋಟ. ಬಲ ಹಿಂದಲೆ ಚಪ್ಪಟೆಯಾಗಿದ್ದರೆ ಮಗುವಿನ ಹಾಸಿಗೆಯನ್ನು ತಾಯಿಯ ಬಲಕ್ಕೆ ತನ್ನಿ. ತಲೆದಿಕ್ಕು ಅದಲುಬದಲು ಮಾಡಿದರೂ ಇದೇ ಫಲ, ಆದರೆ ನಮ್ಮಲ್ಲಿ ಉತ್ತರಕ್ಕೆ ತಲೆ ಹಾಕಬಾರದೆಂದು ಅಜ್ಜಿ ಪಟ್ಟು ಹಿಡಿದಾರು. ಜಾಗ ಬದಲಿಸಿದರೆ ಆ ಜಗಳವೇ ಇಲ್ಲ. ಬೆಂಗಳೂರಿನ ಸಣ್ಣ ಮನೆಗಳಲ್ಲಿ ಮಂಚದ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಕಿಟಕಿ ಅಥವಾ ಟಿ.ವಿ. ಇರುವುದರಿಂದ ಕೂಸಿಗೆ ನೋಡಲು ಒಂದೇ ಕಡೆ ಏನಾದರೂ ಇರುತ್ತದೆ. ಗೋಡೆ ನೋಡುವ ಮಗು ಲೋಕದಲ್ಲಿಲ್ಲ. ಬಾಟಲಿಯಲ್ಲಿ ಹಾಲು ಕುಡಿಸುವವರು ತೋಳು ಬದಲಿಸಬೇಕು: ಎಡತೋಳಿನ ಮೇಲೆ ಮಲಗಿದ ಮಗು ನಿಮ್ಮತ್ತ ನೋಡಲು ಬಲಕ್ಕೆ ತಿರುಗುತ್ತದೆ. ಎದೆಹಾಲಿಗೆ ಪಕ್ಕ ಹೇಗೂ ಬದಲಾಗುತ್ತದೆ.

ಎಚ್ಚರವಿದ್ದಾಗ ಬೋರಲು ಹಾಕುವುದು ಎರಡನೇ ಮುಖ್ಯ ಕೆಲಸ. ಆಸ್ಪತ್ರೆಯಿಂದ ಬಂದ ದಿನದಿಂದಲೇ ದಿನಕ್ಕೆ ಎರಡು ಮೂರು ಸಲ, ಒಂದೊಂದು ಸಲ ಮೂರರಿಂದ ಐದು ನಿಮಿಷ. ಏಳು ವಾರದ ಹೊತ್ತಿಗೆ ದಿನದ ಒಟ್ಟು 15-30 ನಿಮಿಷ ಆಗಬೇಕು. ಸಂಪ್ರದಾಯ ಇದಕ್ಕೆ ಅನುಕೂಲವಾಗಿಯೇ ಇದೆ. ನೀರು ಹಾಕುವವರು ಕಾಲು ಚಾಚಿ ಕೂತು ಮಗುವನ್ನು ಮೊಳಕಾಲ ಕೆಳಗೆ ಬೋರಲು ಹಾಕಿ ಬೆನ್ನಿಗೆ ಎಣ್ಣೆ ಸವರುತ್ತಾರಲ್ಲ, ಅದು ಅಪ್ಪಟ ಕತ್ತಿನ ವ್ಯಾಯಾಮ. ತಲೆ ಒತ್ತುವುದನ್ನು ಬಿಟ್ಟು ಆ ಭಾಗವನ್ನು ಇನ್ನೆರಡು ನಿಮಿಷ ಎಳೆಯಿರಿ ಎಂದು ಕೇಳಿಕೊಂಡರೆ ಸಾಕು. ಉಳಿದ ಹೊತ್ತಿನಲ್ಲಿ ಮೆತ್ತನೆ ಹಾಸಿಗೆಯ ಮೇಲೆ ಬೇಡ, ನೆಲದ ಚಾಪೆಯ ಮೇಲೆ ಹಾಕಿ. ಟವೆಲನ್ನು ಸುರುಳಿ ಸುತ್ತಿ ಕಂಕುಳ ಕೆಳಗೆ ಎದೆಗೆ ಅಡ್ಡ ಇಟ್ಟರೆ ಮೊಳಕೈ ಮುಂದಕ್ಕೆ ಬಂದು ತಲೆ ಎತ್ತುವುದು ಸುಲಭ. ಎದುರಿಗೆ ಹೊಳೆಯುವ ಸ್ಟೀಲ್ ತಟ್ಟೆ ನಿಲ್ಲಿಸಿದರೆ ನೋಡುವುದಕ್ಕೊಂದು ಮುಖ ಸಿಕ್ಕಿತು. ಹಾಲು ಕುಡಿದ ಅರ್ಧ ಗಂಟೆ ಬೇಡ, ಕಕ್ಕುತ್ತದೆ. ತೂಕಡಿಸಿದ ಕೂಡಲೇ ಅಂಗಾತ ಮಲಗಿಸಿ, ಒಬ್ಬರು ಪಕ್ಕದಲ್ಲೇ ಇರಿ.

ಇನ್ನು ಸಿಂಬಿ, ರಾಗಿ ದಿಂಬು, ಸಾಸಿವೆ ದಿಂಬು, ನಡುವೆ ಗುಳಿಯಿರುವ ‘ತಲೆ ದುಂಡಗಾಗಿಸುವ’ ದಿಂಬು. ಹಿರಿಯರ ಪ್ರೀತಿಯ ಬಗ್ಗೆ ದೂರಿಲ್ಲ, ಆದರೆ ನಿದ್ದೆಯಲ್ಲಿ ಇವು ಮೂಗಿಗೆ ಅಡ್ಡ ಬರಬಹುದು, ಗಲ್ಲವನ್ನು ಎದೆಗೆ ಬಾಗಿಸಿ ಉಸಿರು ಕಟ್ಟಿಸಬಹುದು. ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರ ನವೆಂಬರಿನಲ್ಲಿ ಇಂಥ ದಿಂಬುಗಳನ್ನು ಬಳಸಬೇಡಿ ಎಂದು ಬಹಿರಂಗವಾಗಿಯೇ ಎಚ್ಚರಿಸಿತು. ನಿದ್ದೆಯ ಕೂಸಿನ ತಲೆಯ ಕೆಳಗೆ ಏನೂ ಬೇಡ. ಸೀರೆಯ ಜೋಳಿಗೆಯಲ್ಲೂ ಗಲ್ಲ ಎದೆಗೆ ತಾಗುವ ಅಪಾಯವಿದೆ. ಕಾರ್ ಸೀಟ್ ಮಾತ್ರ ಪ್ರಯಾಣಕ್ಕೆ ಬೇಕೇ ಬೇಕು, ಸಿಲ್ಕ್ ಬೋರ್ಡ್ ದಾಟಲು ಮುಕ್ಕಾಲು ಗಂಟೆ ಹಿಡಿದರೂ ಅದರಿಂದ ಎತ್ತಬಾರದು. ಮನೆ ಸೇರಿದ ಮೇಲೆ ಅದರಲ್ಲೇ ನಿದ್ದೆ ಮುಂದುವರಿಸುವುದು ಬೇಡ, ಅಷ್ಟೇ. ಎತ್ತಿಕೊಂಡಷ್ಟು ಹೊತ್ತು ತಲೆಯ ಹಿಂದೆ ಖಾಲಿ ಜಾಗ. ಎತ್ತಿ ಎತ್ತಿ ಅಭ್ಯಾಸವಾಗುತ್ತದೆ ಎಂದವರಿಗೆ ಹೂಂ ಅಂದು ಎತ್ತಿಕೊಳ್ಳಿ.

ಚಪ್ಪಟೆ ತಲೆಯಿಂದ ಮಿದುಳಿಗೆ ಒತ್ತಡ ಬೀಳುವುದಿಲ್ಲ. ಆದರೆ ಇದರಂತೆಯೇ ಕಾಣುವ ಬೇರೆ ತೊಂದರೆಯೊಂದಿದೆ: ಬುರುಡೆಯ ಸಂದು ಅವಧಿಗೆ ಮುಂಚೆ ಬೆಸೆದುಕೊಳ್ಳುವುದು. ಸುಮಾರು 2,000ದಿಂದ 2,500 ಮಕ್ಕಳಲ್ಲಿ ಒಬ್ಬರಿಗೆ ಯಾವುದೋ ಒಂದು ಸಂದು ಹೀಗಾಗುತ್ತದೆ, ಹಿಂದಲೆಯದು ಅದರಲ್ಲೂ ವಿರಳ. ಹುಟ್ಟಿದಂದಿನಿಂದಲೇ ಸೊಟ್ಟ, ಸಂದಿನ ಗುಂಟ ಕೈಗೆ ಸಿಗುವ ಏಣು, ಚಪ್ಪಟೆ ಕಡೆಯ ಕಿವಿ ಹಿಂದಕ್ಕೆ ಕೆಳಕ್ಕೆ ಜಗ್ಗಿರುವುದು, ಬೇಗ ಮುಚ್ಚಿದ ನೆತ್ತಿ, ಸುತ್ತಳತೆ ಬೆಳೆಯದಿರುವುದು ಕಂಡರೆ ಕಾಯಬಾರದು. ಸಣ್ಣ ಗಾಯದ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆಗೆ ಮೊದಲ ಕೆಲವು ತಿಂಗಳೇ ಸರಿಯಾದ ಕಾಲ. ಮಕ್ಕಳ ನರಶಸ್ತ್ರಚಿಕಿತ್ಸೆಗೆ ಬೆಂಗಳೂರಿನವರು ದೂರ ಹೋಗಬೇಕಿಲ್ಲ, ನಿಮ್ಹಾನ್ಸ್ ಇಲ್ಲೇ ಇದೆ. ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಅದರ ನೆರೆಯಲ್ಲೇ. ಎಲ್ಲರಿಗೂ ಸಿ.ಟಿ. ಸ್ಕ್ಯಾನ್ ಬೇಕಾಗುವುದಿಲ್ಲ. ಪಳಗಿದ ಕೈ ಮುಟ್ಟಿ ನೋಡಿಯೇ ಬಹುತೇಕ ಹೇಳಬಲ್ಲದು.

ಕೊನೆಗೆ ಹೆಲ್ಮೆಟ್. ಅದೂ ತಲೆಯನ್ನು ಒತ್ತುವುದಿಲ್ಲ. ಉಬ್ಬಿದ ಕಡೆ ತಾಗಿಕೊಂಡು, ತಗ್ಗಿನ ಕಡೆ ಪೊಳ್ಳು ಬಿಟ್ಟು, ಬೆಳವಣಿಗೆಯನ್ನು ಅತ್ತ ಹರಿಸುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಶುರುಮಾಡಿ ದಿನಕ್ಕೆ 23 ಗಂಟೆ ಹಾಕಬೇಕು. ನೆದರ್ಲೆಂಡ್ಸಿನಲ್ಲಿ 84 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎರಡು ವರ್ಷ ತುಂಬುವಾಗ ಪೂರ್ತಿ ಸರಿಹೋದವರು ಹೆಲ್ಮೆಟ್ ಹಾಕಿದವರಲ್ಲಿ ನೂರಕ್ಕೆ 26, ಹಾಕದವರಲ್ಲಿ 23. ಹೆಲ್ಮೆಟ್ ಹಾಕಿದ ಎಲ್ಲರಿಗೂ ಚರ್ಮ ಕೆರಳುವುದು, ಬೆವರು, ವಾಸನೆಯಂಥ ಏನಾದರೊಂದು ಕಿರಿಕಿರಿ ಇತ್ತು. ಆದರೆ ಅಲ್ಲಿನ ಹೆಲ್ಮೆಟ್‌ಗಳು ಸರಿಯಾಗಿ ಕೂರದೆ ಜಾರುತ್ತಿದ್ದವು ಎಂಬ ಆಕ್ಷೇಪವಿದೆ, ತೀರಾ ಹೆಚ್ಚು ಸೊಟ್ಟವಾದ ತಲೆಗಳನ್ನು ಸೇರಿಸಿಕೊಂಡಿರಲಿಲ್ಲ ಎಂಬುದನ್ನೂ ಮರೆಯಬಾರದು. ಹಾಗಾಗಿ ಅಲ್ಪಸ್ವಲ್ಪ ಮಾತ್ರ ಚಪ್ಪಟೆಯಾದ ತಲೆಗೆ ದುಡ್ಡು ಸುರಿಯುವ ಅಗತ್ಯ ಕಾಣುವುದಿಲ್ಲ. ವ್ಯಾಯಾಮ, ದಿಕ್ಕು ಬದಲಾವಣೆ ಎರಡೂ ಎರಡು ತಿಂಗಳು ನಡೆದು, ಕಿವಿ-ಹಣೆ ಕಣ್ಣಿಗೆ ಹೊಡೆಯುವಷ್ಟು ಸೊಟ್ಟವಾಗೇ ಉಳಿದಿದ್ದರೆ ಡಾಕ್ಟರ ಹತ್ತಿರ ಆ ಮಾತು ಎತ್ತಬಹುದು. ಹಾಕಿಸುವುದಾದರೆ ಎರಡು ಮೂರು ವಾರಕ್ಕೊಮ್ಮೆ ತೋರಿಸಿ ಒಳಗಿನ ಜಾಗ ಕೆತ್ತಿಸಬೇಕು, ಬಿಟ್ಟ ಒಂದು ಗಂಟೆಯಲ್ಲಿ ತಲೆ ತೊಳೆದು ಹೆಲ್ಮೆಟ್ಟನ್ನೂ ಒರೆಸಿ ಒಣಗಿಸಬೇಕು. ತೆಗೆದ ಒಂದು ಗಂಟೆಯ ಮೇಲೂ ಚರ್ಮದ ಕೆಂಪು ಇಳಿಯದಿದ್ದರೆ ಮತ್ತೆ ಹಾಕದೆ, ಮಾಡಿಕೊಟ್ಟವರಿಗೆ ಅಂದೇ ಫೋನ್ ಮಾಡಬೇಕು.