ಲ್ಯಾಪ್‌ಟಾಪ್ ನಿದ್ದೆಗೆ ಜಾರುವ ಮುನ್ನ

ದಾವಣಗೆರೆಯಲ್ಲಿ ಬಸ್ ಹತ್ತುವಾಗ ಮುಚ್ಚಿಟ್ಟ ಲ್ಯಾಪ್‌ಟಾಪ್, ಚಿತ್ರದುರ್ಗದಲ್ಲಿ ಇಳಿಯುವ ಹೊತ್ತಿಗೆ ಚೀಲದೊಳಗೆ ಕೈ ಇಡಲಾಗದಷ್ಟು ಬಿಸಿಯಾಗಿರುವುದುಂಟು. 'ದೃಷ್ಟಿ ತಾಗಿದೆ, ಆಯುಧಪೂಜೆಗೆ ಕುಂಬಳಕಾಯಿ ಒಡೆಯಲಿಲ್ಲವಲ್ಲ' ಎನ್ನುವ ಎಂಜಿನಿಯರುಗಳೂ ನಮ್ಮಲ್ಲಿದ್ದಾರೆ! ಹಲವು ಸಲ ಕಾರಣ ಬೇರೆಯೇ ಇರುತ್ತದೆ. ಯಂತ್ರ ಮಲಗಲು ಹೊರಟಿತ್ತು. ಒಳಗಿನ ಯಾವುದೋ ಕೆಲಸ ಬಿಡಲಿಲ್ಲ.

ಮುಚ್ಚಳ ಮುಚ್ಚಿದ ಕ್ಷಣವೇ ಎಲ್ಲವೂ ನಿಂತುಬಿಡುವುದಿಲ್ಲ. ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಮೊದಲು ಬ್ರೌಸರ್‌ನಂಥ ನಮ್ಮ ತಂತ್ರಾಂಶಗಳು ಹೆಪ್ಪುಗಟ್ಟುತ್ತವೆ, ಆಮೇಲೆ ಕರ್ನೆಲ್‌ನ, ಅಂದರೆ ಆ ವ್ಯವಸ್ಥೆಯ ತಿರುಳಿನ, ಹಿನ್ನೆಲೆ ಕೆಲಸಗಳು, ಕೊನೆಗೆ ಡಿಸ್ಕ್, ವೈಫೈ ಮುಂತಾದ ಸಾಧನಗಳು. ಸ್ವಾರಸ್ಯವಿರುವುದು ನಡುವಿನ ಹಂತದಲ್ಲಿ. ಕರ್ನೆಲ್ ತನ್ನದೇ ಥ್ರೆಡ್ಡನ್ನು (ಇಂಥ ಒಂದೊಂದು ಕೆಲಸದ ಎಳೆಯನ್ನು) ಎಲ್ಲೆಂದರಲ್ಲಿ ಹಿಡಿದು ನಿಲ್ಲಿಸುವುದಿಲ್ಲ, 'ನಿಲ್ಲು' ಎಂಬ ಸೂಚನೆಯನ್ನಷ್ಟೇ ಕೊಡುತ್ತದೆ. ಥ್ರೆಡ್ ತನಗೆ ಸುರಕ್ಷಿತವಾದ ಜಾಗಕ್ಕೆ ಬಂದು ತಾನಾಗಿ ನಿಲ್ಲಬೇಕು.

ಏಕೆಂದು ತಿಳಿಯಲು ಮಂಡಕ್ಕಿ ಭಟ್ಟಿಯನ್ನು ನೆನೆಯಿರಿ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿರುವಾಗ ಯಾರೂ ಕೈಬಿಟ್ಟು ಮಲಗಲು ಹೋಗುವುದಿಲ್ಲ. ಬಾಣಲೆಯಲ್ಲಿದ್ದದ್ದನ್ನು ಇಳಿಸಿ, ಜರಡಿ ಹಿಡಿದು, ಉಗ್ರಾಣದ ಬೀಗದ ಕೈ ಒಪ್ಪಿಸಿಯೇ ಹೊರಡುತ್ತಾರೆ. ಒಬ್ಬ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ನಿದ್ದೆ ಹೋದನೆನ್ನಿ, ಉಗ್ರಾಣ ಮುಚ್ಚಬೇಕಾದವನು ಬಾಗಿಲಲ್ಲೇ ನಿಲ್ಲಬೇಕು. ಕರ್ನೆಲ್‌ನಲ್ಲೂ ಹೀಗೆಯೇ. ಥ್ರೆಡ್ ಒಂದು ಲಾಕ್ (ಒಮ್ಮೆಗೆ ಒಬ್ಬರಷ್ಟೇ ಹಿಡಿಯಬಹುದಾದ ಬೀಗದ ಕೈ) ಹಿಡಿದುಕೊಂಡೇ ಹೆಪ್ಪುಗಟ್ಟಿದರೆ, ಅದೇ ಲಾಕ್ ಬೇಕಾದ ಡಿಸ್ಕ್ ಡ್ರೈವರ್ (ಡಿಸ್ಕನ್ನು ನಡೆಸುವ ತಂತ್ರಾಂಶ) ಕಾಯುತ್ತಲೇ ಇರುತ್ತದೆ. ಥ್ರೆಡ್ ಏಳುವುದು ಯಂತ್ರ ಮಲಗಿ ಎದ್ದ ಮೇಲೆ. ಯಂತ್ರ ಮಲಗುವುದು ಡ್ರೈವರ್ ಕೆಲಸ ಮುಗಿಸಿದ ಮೇಲೆ. ಬಿಡಿಸಲಾಗದ ಗಂಟು.

ಇತಿಹಾಸವೂ ಮೋಜಿನದು. ಮೊದಲು ಕರ್ನೆಲ್ ಥ್ರೆಡ್‌ಗಳೆಲ್ಲ ಹೆಪ್ಪುಗಟ್ಟಲೇಬೇಕಿತ್ತು, ಬೇಡವೆಂದವರು ವಿನಾಯಿತಿ ಕೇಳಬೇಕಿತ್ತು. 2007ರಲ್ಲಿ ನಿಯಮ ತಿರುವುಮುರುವಾಯಿತು: ಒಪ್ಪಿಗೆ ಕೊಟ್ಟ ಥ್ರೆಡ್‌ಗಳಿಗೆ ಮಾತ್ರ ಈ ಕಟ್ಟಳೆ. ನನಗೆ ಇದೇ ಸರಿ ಎನಿಸುತ್ತದೆ. ಡಿಸ್ಕ್ ಮುಟ್ಟದ ಥ್ರೆಡ್ ಎಚ್ಚರವಾಗಿದ್ದರೆ ಯಾರಿಗೇನು ನಷ್ಟ? ಬಿಡಿ ಕೆಲಸಗಳ ಸರದಿ ಸಾಲುಗಳಿಗೂ ಇಂಥ ಒಪ್ಪಿಗೆಯ ಗುರುತು ಹಾಕಬಹುದು. ಆಗ ಕೈಯಲ್ಲಿರುವ ಕೆಲಸ ಮುಗಿಯುತ್ತದೆ, ಹೊಸದು ಬೆಳಗಾಗುವವರೆಗೆ ಕಾಯುತ್ತದೆ.

ಎಲ್ಲರೂ ನಿಲ್ಲಲು ಕರ್ನೆಲ್ ಕೊಡುವ ಗಡುವು ಸಾಮಾನ್ಯವಾಗಿ 20 ಸೆಕೆಂಡು. ಕೈಕೊಟ್ಟ ನೆಟ್‌ವರ್ಕ್ ಡಿಸ್ಕಿನ (ಜಾಲದ ಮೂಲಕ ಬಳಸುವ, ಬೇರೆ ಯಂತ್ರದಲ್ಲಿರುವ ಡಿಸ್ಕಿನ) ಉತ್ತರಕ್ಕಾಗಿ ಕಾದು ಕುಳಿತ ಕೆಲಸಕ್ಕೆ ಸೂಚನೆಯೇ ಕೇಳಿಸದಿರಬಹುದು. ಗಡುವು ಮೀರಿದರೆ ಕರ್ನೆಲ್ ಎಲ್ಲರನ್ನೂ ಮತ್ತೆ ಎಬ್ಬಿಸಿ, ನಿದ್ದೆಯ ಯೋಜನೆಯನ್ನೇ ಕೈಬಿಡುತ್ತದೆ. ಚೀಲದೊಳಗೆ ಯಂತ್ರ ಓಡುತ್ತಲೇ ಇರುತ್ತದೆ. ತಡೆದ ಕೆಲಸದ ಹೆಸರನ್ನು ಮಾತ್ರ ಕರ್ನೆಲ್ ತನ್ನ ದಾಖಲೆಯಲ್ಲಿ ತಪ್ಪದೆ ಬರೆದಿಡುತ್ತದೆ. ಅಲ್ಲಿ ನೆಟ್‌ವರ್ಕ್ ಡಿಸ್ಕಿಗಾಗಿ ಕಾದ ಕೆಲಸದ ಹೆಸರು ಕಂಡರೆ, ಮುಂದಿನ ಸಲ ಮುಚ್ಚಳ ಮುಚ್ಚುವ ಮೊದಲು ಆ ಡಿಸ್ಕಿನ ಸಂಪರ್ಕ ಕಡಿದುಬಿಡಿ.