ಓದುಗರ ಪ್ರಶ್ನೆ: ಬ್ಯಾಂಡ್ ಸ್ಪರ್ಧೆಯ ಸಿನಿಮಾದಲ್ಲಿ ಅಕ್ಕನ ರಂಪ ಯಾಕೆ?

ಪ್ರಶ್ನೆ: 'ಸೌಂಡ್! ಯೂಫೋನಿಯಂ: ಮೇ ದ ಮೆಲೋಡಿ ರೀಚ್ ಯೂ' ನೋಡಿದೆ. ಶಾಲೆಯ ಬ್ಯಾಂಡಿನ ಕಥೆ ಚೆನ್ನಾಗಿಯೇ ಹೋಗುತ್ತಿರುತ್ತದೆ. ನಡುವೆ ನಾಯಕಿಯ ಅಕ್ಕ ಬಂದು ಕಾಲೇಜು ಬಿಡುತ್ತೇನೆ ಅಂತ ಮನೆಯಲ್ಲಿ ಜಗಳ ತೆಗೆಯುತ್ತಾಳೆ. ಇದು ಬೇಕಿತ್ತಾ? ಆ ಭಾಗ ಕತ್ತರಿಸಿದ್ದರೆ ಏನಾಗುತ್ತಿತ್ತು?

ಉತ್ತರ: ಕತ್ತರಿಸಿದ್ದರೆ ಸಿನಿಮಾ ಅರ್ಧಕ್ಕೇ ನಿಲ್ಲುತ್ತಿತ್ತು. ಬ್ಯಾಂಡಿನಿಂದ ಹಿಂದೆ ಸರಿದ ಸೀನಿಯರ್ ಆಸುಕಾಳನ್ನು ವಾಪಸ್ ಕರೆಯಲು ನಾಯಕಿ ಕುಮಿಕೋ ಬಾಯಲ್ಲಿ ಮಾತೇ ಇರುತ್ತಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಕಥೆ ಕೊನೆಯವರೆಗೂ ಹೇಳಲೇಬೇಕು. ಇನ್ನೂ ನೋಡದವರು ನೋಡಿಕೊಂಡು ಬಂದು ಓದಿ.

ಮೊದಲು ಒಂದು ವಿಷಯ. ಈ ಜಪಾನೀ ಅನಿಮೇಷನ್ ಸಿನಿಮಾ ಪೂರ್ತಿ ಹೊಸದಲ್ಲ. 2016ರಲ್ಲಿ ಬಂದ ಟೀವಿ ಸರಣಿಯ ಎರಡನೇ ಸೀಸನ್ ಅನ್ನು ಕ್ಯೋಟೋ ಅನಿಮೇಷನ್ ಸ್ಟುಡಿಯೋದವರು ಮತ್ತೆ ಎಡಿಟ್ ಮಾಡಿ, ಹೊಸ ದೃಶ್ಯ ಸೇರಿಸಿ, 2017ರ ಸೆಪ್ಟೆಂಬರ್ 30ಕ್ಕೆ ಬಿಡುಗಡೆ ಮಾಡಿದರು. ನಿರ್ದೇಶಕ ತೈಚಿ ಒಗಾವಾ. ಮೂಲ ಅಯಾನೋ ತಕೆದಾ ಅವರ ಕಾದಂಬರಿ. ಸೀಸನ್ನಿನ 13 ಕಂತನ್ನು ಎರಡು ಗಂಟೆಯೊಳಗೆ ತುರುಕಬೇಕಾದಾಗ ಏನೇನೋ ಬಿಡಬೇಕಾಗುತ್ತದೆ, ಅಲ್ವಾ? ಓಬೋ ನುಡಿಸುವ ಮಿಜೋರೆ, ಕೊಳಲಿನ ನೊಜೋಮಿ, ಇವರಿಬ್ಬರ ನಡುವಿನ ಮುನಿಸು ಸರಣಿಯಲ್ಲಿ ಎಷ್ಟೊಂದು ಜಾಗ ತಿಂದಿತ್ತು. ಅದನ್ನೇ ಬದಿಗಿಟ್ಟರು. ಅಂಥದ್ದರಲ್ಲೂ ಅಕ್ಕನನ್ನು ಉಳಿಸಿಕೊಂಡಿದ್ದಾರೆ ಅಂದರೆ ಸುಮ್ನೆ ಅಲ್ಲ.

ಕುಮಿಕೋ ಓಮಾಯೆ ಇರುವುದು ಕ್ಯೋಟೋ ಪಕ್ಕದ ಉಜಿ ಊರಲ್ಲಿ. ಓದುವುದು ಕಿತಾಉಜಿ ಹೈಸ್ಕೂಲಿನಲ್ಲಿ, ಮೊದಲನೇ ವರ್ಷ. ನುಡಿಸುವುದು ಯೂಫೋನಿಯಂ. ಟ್ಯೂಬಾದ ತಮ್ಮನ ಹಾಗೆ ಕಾಣುವ ಹಿತ್ತಾಳೆ ವಾದ್ಯ ಅದು, ತಗ್ಗಿನ ಸ್ವರ, ಮೆತ್ತಗಿನ ನಾದ. ಜಪಾನಿನಲ್ಲೂ ಎಷ್ಟೋ ಜನ ಅದರ ಹೆಸರು ಕೇಳಿರುವುದಿಲ್ಲ. ಅವಳು ಇದಕ್ಕೆ ಬಂದಿದ್ದೇ ಅಕ್ಕನಿಂದ. ಅಕ್ಕ ಮಾಮಿಕೋ ಟ್ರೊಂಬೋನ್ ನುಡಿಸುತ್ತಿದ್ದಳು. ಅದನ್ನು ನೋಡಿ ತಂಗಿಗೂ ಆಸೆಯಾಗಿ ಪ್ರೈಮರಿ ಶಾಲೆಯ ಬ್ಯಾಂಡ್ ಸೇರಿದಳು, ಅಲ್ಲಿ ಕೈಗೆ ಬಂದದ್ದು ಯೂಫೋನಿಯಂ. ಆಮೇಲೆ ಅಕ್ಕ ಪರೀಕ್ಷೆ, ಓದು ಅಂತ ಟ್ರೊಂಬೋನ್ ಕೆಳಗಿಟ್ಟಳು, ಮತ್ತೆ ಮುಟ್ಟಲಿಲ್ಲ. ತಂಗಿ ಮಾತ್ರ ನುಡಿಸುತ್ತಲೇ ಹೋದಳು. ಅಲ್ಲಿಂದ ಇಬ್ಬರ ಮಾತೂ ಕಮ್ಮಿಯಾಯಿತು. ಎದುರುಬದುರು ಆದರೆ ಒಂದು ಚುಚ್ಚು ಮಾತು, ಅಷ್ಟೇ.

ಇನ್ನೊಂದು ಕಡೆ ಆಸುಕಾ ತನಾಕಾ. ಮೂರನೇ ವರ್ಷದವಳು, ಬ್ಯಾಂಡಿನ ಉಪಾಧ್ಯಕ್ಷೆ, ಕುಮಿಕೋಗಿಂತ ಎಷ್ಟೋ ಚೆನ್ನಾಗಿ ಯೂಫೋನಿಯಂ ನುಡಿಸುತ್ತಾಳೆ. ಯಾವಾಗಲೂ ನಗು, ಯಾವಾಗಲೂ ತಮಾಷೆ, ಒಳಗೇನಿದೆ ಅಂತ ಯಾರಿಗೂ ತೋರಿಸುವುದಿಲ್ಲ. ಅವಳು ತೀರಾ ಚಿಕ್ಕವಳಿದ್ದಾಗಲೇ ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಅಪ್ಪ ಹೆಸರಾಂತ ಯೂಫೋನಿಯಂ ವಾದಕ, ಮಗಳಿಗೆ ವಾದ್ಯವನ್ನೂ ಸ್ವರ ಬರೆದ ನೋಟ್‌ಬುಕ್ಕನ್ನೂ ಕಳಿಸಿದ್ದ. ಈಗ ಆತ ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ತೀರ್ಪುಗಾರ. ಅಲ್ಲಿಗೆ ಹೋದರೆ ಅಪ್ಪನಿಗೆ ತನ್ನ ನಾದ ಕೇಳಿಸಬಹುದು. ಆದರೆ ಅಮ್ಮನಿಗೆ ಇದು ಸುತರಾಂ ಇಷ್ಟವಿಲ್ಲ. ಯೂನಿವರ್ಸಿಟಿ ಪ್ರವೇಶ ಪರೀಕ್ಷೆಗೆ ಓದು, ಬ್ಯಾಂಡ್ ಬಿಡು ಅಂತ ಶಾಲೆಗೇ ಬಂದು ಹಠ ಹಿಡಿಯುತ್ತಾಳೆ. ಮಾಸ್ತರರ ಎದುರಿಗೇ ಮಗಳ ಕೆನ್ನೆಗೆ ಬಾರಿಸುತ್ತಾಳೆ. ಆಸುಕಾ ತುಟಿ ಪಿಟಕ್ ಅನ್ನುವುದಿಲ್ಲ. ನನ್ನ ಜಾಗದಲ್ಲಿ ಎರಡನೇ ವರ್ಷದ ಯೂಫೋನಿಯಂ ವಾದಕಿ ನತ್ಸುಕಿ ನುಡಿಸಲಿ, ಬ್ಯಾಂಡಿಗೂ ತೊಂದರೆ ಆಗಬಾರದು ಅಂತ ಹಿಂದೆ ಸರಿಯುತ್ತಾಳೆ. ದೊಡ್ಡವರು ಮೆಚ್ಚುವಂಥ ತೀರ್ಮಾನ.

ಈಗ ಅಕ್ಕನ ಕಡೆ ಬನ್ನಿ. ಮಾಮಿಕೋ ಯೂನಿವರ್ಸಿಟಿ ಬಿಟ್ಟು ಬ್ಯೂಟಿಷಿಯನ್ ಆಗುತ್ತೇನೆ ಅನ್ನುತ್ತಾಳೆ. ಅಪ್ಪನಿಗೆ ಕೋಪ ನೆತ್ತಿಗೇರುತ್ತದೆ. (ಮೂರನೇ ವರ್ಷದ ಇಂಜಿನಿಯರಿಂಗ್ ಬಿಟ್ಟು ಪಾರ್ಲರ್ ಕೋರ್ಸ್ ಸೇರುತ್ತೇನೆ ಅಂತ ನಮ್ಮ ಮನೆಗಳಲ್ಲಿ ಹೇಳಿ ನೋಡಿ. ಆ ಊಟದ ಮೇಜಿನ ಮೌನ ನಮಗೆ ಯಾರೂ ವಿವರಿಸಬೇಕಾಗಿಲ್ಲ.) ಜಗಳವಾದ ಮೇಲೆ ಒಂದು ದಿನ ಅಡುಗೆಮನೆಯಲ್ಲಿ ಅಕ್ಕ ತಂಗಿ ಇಬ್ಬರೇ. ಅಕ್ಕ ಅಡುಗೆ ಮಾಡಲು ಹೋಗಿ ಪಾತ್ರೆ ತಳ ಹಿಡಿಸಿದ್ದಾಳೆ. ಭಾರೀ ಮಾತೇನೂ ಇಲ್ಲ. ಸೀದ ಪಾತ್ರೆಯ ನೆಪದಲ್ಲಿ ಮಾತು ಶುರುವಾಗಿ ಅಕ್ಕ ಮೊದಲ ಸಲ ಒಳಗಿನದನ್ನು ಹೊರಗೆ ಹಾಕುತ್ತಾಳೆ. ದೊಡ್ಡವಳ ಹಾಗೆ ಎಲ್ಲದಕ್ಕೂ ಹೂಂ ಅಂದುಕೊಂಡು ಬಂದೆ, ನನಗೇನು ಬೇಕು ಅಂತ ಆಗಲೇ ಹೇಳಬೇಕಿತ್ತು, ಇಷ್ಟ ಬಂದದ್ದನ್ನು ಮಾಡುತ್ತಿದ್ದ ನಿನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟೆ, ನೀನು ಹೀಗೆ ಆಮೇಲೆ ಕೊರಗುವ ಹಾಗೆ ಮಾಡಿಕೊಳ್ಳಬೇಡ. ಇದಿಷ್ಟು ಅವಳ ಮಾತಿನ ಸಾರ.

ಅಕ್ಕ ಮನೆ ಬಿಟ್ಟು ಹೋಗುತ್ತಾಳೆ. ಶಾಲೆಗೆ ಹೋಗುವ ರೈಲಿನಲ್ಲಿ ಕುಮಿಕೋಗೆ ಇದ್ದಕ್ಕಿದ್ದಂತೆ ಅಳು ಬರುತ್ತದೆ. ಅಕ್ಕ ಅಂದರೆ ಅಷ್ಟಕ್ಕಷ್ಟೇ ಅಂದುಕೊಂಡಿದ್ದವಳಿಗೆ ಅವಳಿಲ್ಲದ ಮನೆ ಬೇಕಿಲ್ಲ ಅಂತ ಆಗ ಗೊತ್ತಾಗುತ್ತದೆ. ನನಗೆ ಇಡೀ ಸಿನಿಮಾದಲ್ಲಿ ಹೆಚ್ಚು ಹಿಡಿಸಿದ ದೃಶ್ಯ ಇದೇ. ಕುಮಿಕೋಗೆ ದನಿ ಕೊಟ್ಟ ತೊಮೊಯೋ ಕುರೊಸಾವಾ ಅದನ್ನು ಒಂಚೂರೂ ಜಾಸ್ತಿ ಮಾಡುವುದಿಲ್ಲ.

ಈ ಅಳು ಆದಮೇಲೇ ಅವಳು ಆಸುಕಾ ಹತ್ತಿರ ಹೋಗುವುದು. ಆಸುಕಾ ಮೊದಲು ಜಾಣತನದಿಂದ ತಪ್ಪಿಸಿಕೊಳ್ಳುತ್ತಾಳೆ. ಆಮೇಲೆ ತಿರುಗಿ ಹೊಡೆಯುತ್ತಾಳೆ: ನೀನು ಯಾವಾಗಲೂ ದೂರ ನಿಂತು ನೋಡುವವಳು, ನನಗೇನು ಹೇಳಲು ಬಂದೆ ಅಂತ. ಮಾತು ನಿಜ, ಅದಕ್ಕೇ ಚುಚ್ಚುತ್ತದೆ. ಅಲ್ಲಿ ಕುಮಿಕೋ ಸ್ಫೋಟಿಸುತ್ತಾಳೆ. ಆಮೇಲೆ ಕೊರಗುತ್ತೀನಿ ಅಂತ ಗೊತ್ತಿದ್ದೂ ಅದನ್ನೇ ಯಾಕೆ ಆರಿಸುತ್ತೀರಿ, ದೊಡ್ಡವರ ಹಾಗೆ ಯಾಕೆ ನಟಿಸುತ್ತೀರಿ, ನೀವೂ ಬರೀ ಒಬ್ಬ ಹೈಸ್ಕೂಲ್ ಹುಡುಗಿ ತಾನೆ ಅಂತ ಕೂಗುತ್ತಾಳೆ.

ಗಮನಿಸಿ, ಇದು ಕುಮಿಕೋ ಸ್ವಂತ ಮಾತಲ್ಲ. ಅಡುಗೆಮನೆಯಲ್ಲಿ ಅಕ್ಕ ಹೇಳಿದ್ದೇ ಇದು. ದೊಡ್ಡವಳ ಹಾಗೆ ನಟಿಸಿ ಕೊನೆಗೆ ಏನಾಗುತ್ತದೆ ಅನ್ನುವುದನ್ನು ಕುಮಿಕೋ ತನ್ನ ಮನೆಯಲ್ಲೇ ಕಣ್ಣಾರೆ ಕಂಡಿದ್ದಾಳೆ. ಅದಿಲ್ಲದೆ ಹದಿನಾರರ ಹುಡುಗಿ ಸೀನಿಯರ್ ಎದುರು ನಿಂತು ಇಷ್ಟು ಕೂಗಿದ್ದರೆ ಯಾರು ನಂಬುತ್ತಿದ್ದರು? ಆಸುಕಾ ಕರಗುವುದಾದರೂ ಹೇಗೆ? ಕೊನೆಗೆ ಅಮ್ಮನನ್ನು ಒಪ್ಪಿಸುವುದು ಪ್ರವೇಶ ಪರೀಕ್ಷೆಯ ತಯಾರಿಗೆ ನಡೆಸುವ ಅಣಕು (ಮಾಕ್) ಪರೀಕ್ಷೆಯ ಅಂಕ ತೋರಿಸಿ, ಅದು ಆಸುಕಾಳದೇ ಜಾಣತನ. ಆದರೆ ಒಪ್ಪಿಸಬೇಕು ಅನ್ನುವ ಮನಸ್ಸು ಬಂದದ್ದು ಆ ಕೂಗಿನಿಂದ.

ಹಾಗಾಗಿ ಹೆಸರಿನಲ್ಲಿರುವ ಮೆಲೋಡಿ ಯಾರಿಗೆ ತಲುಪಬೇಕು ಅನ್ನುವುದಕ್ಕೂ ಎರಡು ಉತ್ತರ ಇದೆ. ರಾಷ್ಟ್ರಮಟ್ಟದ ಸ್ಪರ್ಧೆ ನಡೆಯುವ ನಗೋಯಾದ ಸಭಾಂಗಣದಲ್ಲಿ ಆಸುಕಾಳ ಅಪ್ಪ ತೀರ್ಪುಗಾರರ ಜೊತೆ ಕೂತಿದ್ದಾನೆ. ಪ್ರೇಕ್ಷಕರ ನಡುವೆ ಮಾಮಿಕೋ ಬಂದಿದ್ದಾಳೆ. ಅಪ್ಪನ ಮೆಚ್ಚುಗೆಯ ಮಾತು ಮಾಸ್ತರರ ಮೂಲಕ ಆಸುಕಾಗೆ ಮುಟ್ಟುತ್ತದೆ. ಕುಮಿಕೋ ಮಾತ್ರ ಯಾರನ್ನೂ ಕಾಯುವುದಿಲ್ಲ. ಹೊರಗೆ ಹೋಗುತ್ತಿರುವ ಅಕ್ಕನ ಹಿಂದೆ ಓಡಿ, ನಿನ್ನಿಂದಲೇ ನನಗೆ ಇದೆಲ್ಲ ಇಷ್ಟವಾಯಿತು, ನೀನಂದರೆ ನನಗೆ ತುಂಬಾ ಇಷ್ಟ ಅಂತ ಎಲ್ಲರ ಎದುರು ಕೂಗಿ ಹೇಳುತ್ತಾಳೆ.

ಇಷ್ಟು ಹೇಳಿದ ಮೇಲೂ, ಅಕ್ಕ ದಿಢೀರ್ ಅಂತ ಬಂದಳು ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ. ಸರಣಿಯಲ್ಲಿ ಅವಳು ಮೊದಲ ಸೀಸನ್ನಿನಿಂದಲೇ ಮನೆಯಲ್ಲಿ ಆಗಾಗ ಕಾಣಿಸಿಕೊಂಡು ಮುಖ ಗಂಟು ಹಾಕಿಕೊಂಡು ಹೋಗುತ್ತಿರುತ್ತಾಳೆ. ಸಿನಿಮಾದಲ್ಲಿ ಅದಕ್ಕೆ ಜಾಗ ಸಾಲದು. ಅಕ್ಕ ತಂಗಿಯ ಅಪ್ಪನ ಪಾತ್ರವಂತೂ ತೀರಾ ತೆಳು.

ಇದರ ಜೊತೆ ಬರುವ ಇನ್ನೊಂದು ಪ್ರಶ್ನೆ: ರಾಷ್ಟ್ರಮಟ್ಟದ ಸ್ಪರ್ಧೆಯಲ್ಲಿ ಕಂಚು ಬಂದರೂ ಬ್ಯಾಂಡಿನವರು ಯಾಕೆ ಅಳುತ್ತಾರೆ? ಆ ಕಂಚು ಮೂರನೇ ಸ್ಥಾನ ಅಲ್ಲ. ಜಪಾನಿನ ಈ ಬ್ಯಾಂಡ್ ಸ್ಪರ್ಧೆಯಲ್ಲಿ ನುಡಿಸಿದ ಪ್ರತಿ ಶಾಲೆಗೂ ಚಿನ್ನ, ಬೆಳ್ಳಿ, ಕಂಚು ಈ ಮೂರರಲ್ಲಿ ಒಂದು ಸಿಗುತ್ತದೆ. ಅಂದರೆ ಕಂಚು ಕೊನೆಯ ದರ್ಜೆ. ಹನ್ನೆರಡು ನಿಮಿಷದಲ್ಲಿ ಎರಡು ಕೃತಿ ನುಡಿಸಿ ಮುಗಿಸಲು ವರ್ಷವಿಡೀ ಬೆವರು ಸುರಿಸಿದವರಿಗೆ ಬೇಜಾರಾಗದೆ ಇರುತ್ತದಾ?

ಸರಣಿ ಮೊದಲು ನೋಡಬೇಕಾ ಅಂದರೆ, ಪುರುಸೊತ್ತಿದ್ದರೆ ಹೌದು, ಎರಡೂ ಸೀಸನ್ ನೋಡಿ, ಅಕ್ಕನ ಕಥೆ ಅಲ್ಲೇ ಚೆನ್ನಾಗಿ ಕೂರುತ್ತದೆ. ಇಲ್ಲದಿದ್ದರೆ ಮೊದಲ ಸೀಸನ್ ಕೂಡ 2016ರಲ್ಲಿ ಸಿನಿಮಾ ಆಗಿದೆ, ಅದನ್ನು ನೋಡಿ ಇದಕ್ಕೆ ಬಂದರೆ ಸಾಕು. ಬದಿಗಿಟ್ಟ ಮಿಜೋರೆ, ನೊಜೋಮಿ ಬೇಕಾದವರಿಗೆ 2018ರ 'ಲಿಜ್ ಅಂಡ್ ದ ಬ್ಲೂ ಬರ್ಡ್' ಸಿನಿಮಾ ಇದೆ.